ಸದ್ದಡಗಿದ ರಾತ್ರಿ

ಆ ಮನೆಯ ಹಳೆಯ ಕಂಪ್ಯೂಟರಿಗೆ ಸ್ವಿಚ್ ಹಾಕಿದರೆ ಸಾಕು, ಒಳಗೆ ಜೀರುಂಡೆ ಕೂತಂತೆ ಕಿರ್ರೆನ್ನುತ್ತಿತ್ತು. ನಡುಮನೆಯಲ್ಲೇ ತಾತನ ಮಂಚ. ಪಿಯುಸಿ ಹುಡುಗ ರಾತ್ರಿ ಓದಲು ಕೂತರೆ ಅವರಿಗೆ ನಿದ್ದೆಯಿಲ್ಲ. ಆದರೂ ‘ಓದಲಿ ಬಿಡಿ’ ಎಂದು ಮಗ್ಗುಲು ಬದಲಿಸುತ್ತಿದ್ದರು.

ಹುಡುಗ ಒಂದು ದಿನ ಡ್ರೈವ್ ಬೇಯಲ್ಲಿ ಹಾರ್ಡ್ ಡಿಸ್ಕಿನೆದುರು ತಿರುಗುತ್ತಿದ್ದ ಎರಡು ಪುಟ್ಟ ಫ್ಯಾನುಗಳ ವೈರನ್ನೇ ಕಿತ್ತುಬಿಟ್ಟ. ಮನೆ ತಣ್ಣಗಾಯಿತು, ಡಿಸ್ಕ್ ಮಾತ್ರ ಬಿಸಿಯಾಯಿತು. ಮರುದಿನ ಅದನ್ನು ಮುಟ್ಟಿದ ಅಪ್ಪ ಚಟ್ಟನೆ ಕೈ ಹಿಂತೆಗೆದರು. ಬೈಯಲಿಲ್ಲ. ‘ಇದರಲ್ಲಿ ನಿನ್ನ ಎರಡು ವರ್ಷದ ನೋಟ್ಸ್ ಇದೆ. ಬೇರೆ ಪ್ರತಿ ಇಟ್ಟಿದೀಯಾ?’ ಎಂದರಷ್ಟೆ. ಇಟ್ಟಿರಲಿಲ್ಲ.

ಮೊದಲು ನೋಟ್ಸೆಲ್ಲ ಪೆನ್ ಡ್ರೈವಿಗೆ ಇಳಿಯಿತು. ಆಮೇಲೆ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರು. ‘40 ಮಿ.ಮೀ. ಫ್ಯಾನು ಸಾಕಷ್ಟು ಗಾಳಿ ಕೊಡಬೇಕಾದರೆ ಬಿರುಸಾಗಿ ತಿರುಗಲೇಬೇಕು. ಬೇರಿಂಗಿನ ಎಣ್ಣೆ ಒಣಗಿದರಂತೂ ಕೇಳಲೇಬೇಡಿ. ದೊಡ್ಡದಾದರೆ ನಿಧಾನ ತಿರುಗಿಯೂ ಅಷ್ಟೇ ಗಾಳಿ’ ಎಂದ ಅಂಗಡಿಯವನು. ಡಿಸ್ಕಿನ ಬೇ, ಅದರ ಮೇಲೆ ಕೆಳಗಿನ ಎರಡು ಖಾಲಿ ಬೇ, ಮೂರೂ ಸೇರಿದರೆ 120 ಮಿ.ಮೀ. ಫ್ಯಾನಿಗೆ ಸರಿಯಾದ ಜಾಗ.

ಪ್ಲಗ್ ತೆಗೆದು, ದಶಕದ ಧೂಳು ಒರೆಸಿ, ಚೌಕಟ್ಟಿನ ಮೇಲಿನ ಬಾಣದ ಗುರುತು ಒಳಮುಖವಾಗಿರುವಂತೆ ಹುಡುಗನೇ ಕೂರಿಸಿದ. ಅದುರದಿರಲೆಂದು ಸ್ಕ್ರೂಗಳಿಗೆ ರಬ್ಬರ್ ವಾಷರ್ ಹಾಕಿದ. ಅಪ್ಪ ಟಾರ್ಚ್ ಹಿಡಿದಿದ್ದರು.

ಆ ರಾತ್ರಿ ಮೆಲ್ಲಗೆ ಗಾಳಿಯಾಡುವ ಸದ್ದೊಂದೇ. ಹನ್ನೊಂದರ ಹೊತ್ತಿಗೆ ತಾತ ಎದ್ದು ಕೂತರು. ‘ಯಾಕೋ, ಓದೋದು ನಿಲ್ಲಿಸಿಬಿಟ್ಟೆಯಾ?’

‘ಓದ್ತಾನೇ ಇದೀನಿ ತಾತ, ನೀವು ಮಲಗಿ.’

ಅವರು ಮಲಗಿದರು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಬೇರೊಂದು ಸದ್ದು ಶುರುವಾಯಿತು. ಆ ಗೊರಕೆಗೆ ಹುಡುಗ ಯಾವ ವೈರನ್ನೂ ಹುಡುಕಲಿಲ್ಲ.