ಗುರುತು ಹೇಳುವ ಫಾಂಟು

ಮರಳು ದಂಧೆಯ ಸುಳಿವು ಕೊಟ್ಟ ಟ್ರ್ಯಾಕ್ಟರ್ ಚಾಲಕನಿಗೆ ‘ಇನ್‌ಕಾಗ್ನಿಟೋದಲ್ಲಿ ದೂರು ಹಾಕು, ಗುರುತು ಸಿಗಲ್ಲ’ ಅಂದಿದ್ದೆ. ನಾನೂ ಹಾಗೇ ನಂಬಿದ್ದೆ.

ಮೊನ್ನೆ ಇಎಫ್‌ಎಫ್ ಸಂಸ್ಥೆಯ ‘ಕವರ್ ಯುವರ್ ಟ್ರ್ಯಾಕ್ಸ್’ನಲ್ಲಿ ಅದೇ ಇನ್‌ಕಾಗ್ನಿಟೋ ಪರೀಕ್ಷಿಸಿದರೆ, ನನ್ನ ಬ್ರೌಸರ್‌ನಂಥದ್ದು ಇನ್ನೊಂದಿಲ್ಲ ಎಂಬ ಉತ್ತರ ಬಂತು! ಕುಕೀ ಅಳಿಸಿದರೇನು, ಪರದೆಯ ಅಳತೆ, ಟೈಮ್‌ಝೋನ್, ಗ್ರಾಫಿಕ್ಸ್, ಫಾಂಟುಗಳ ಪಟ್ಟಿ ಎಲ್ಲ ಕೂಡಿದರೆ ಹೆಬ್ಬೆಟ್ಟಿನ ಗುರುತೇ. 2010ರಲ್ಲೇ ಈ ಸಂಸ್ಥೆ ಪರೀಕ್ಷಿಸಿದ ಬ್ರೌಸರುಗಳಲ್ಲಿ ಶೇ 83.6ರಷ್ಟು ಹೀಗೆ ಒಂಟಿಯಾಗಿ ಸಿಕ್ಕಿದ್ದವು.

ನಗು ಬಂದದ್ದು ಫಾಂಟಿನ ವಿಷಯಕ್ಕೆ. ಪತ್ರಿಕೆಗೆ ವರದಿ ಟೈಪಿಸಲೆಂದು ಹಾಕಿಕೊಂಡ ನುಡಿ, ಬರಹ ಫಾಂಟುಗಳು ಜಗತ್ತಿನ ಎಷ್ಟು ಲ್ಯಾಪ್‌ಟಾಪಿನಲ್ಲಿವೆ ಹೇಳಿ? ಕನ್ನಡವೇ ನನ್ನನ್ನು ಗುಂಪಿನಿಂದ ಎತ್ತಿ ತೋರಿಸುವಂತಿತ್ತು.

ಟಾರ್ ಬ್ರೌಸರ್ ತನ್ನದೇ ಫಾಂಟುಗಳನ್ನು ಕೊಟ್ಟು ಎಲ್ಲರನ್ನೂ ಒಂದೇ ಥರ ಕಾಣಿಸಲು ನೋಡುತ್ತದೆ. ನಿಧಾನ, ಆದರೂ ಈಗ ಅದೇ. ನನ್ನ ಮಾತು ತಪ್ಪೆಂದು ಹೇಳಲು ಚಾಲಕನ ಮನೆಗೇ ಹೋದೆ. ‘ನಿನ್ನೆಯೇ ಹಾಕಿಬಿಟ್ಟೆ ಸಾರ್’ ಅಂದ.