ಸೂರ್ಯನ ಕುದುರೆ ಅಂಗಿ ಕಳಚಿತು

ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಸೂರ್ಯನ ಕುದುರೆಯನ್ನು ನೋಡಿದ್ದೀರಲ್ಲವೇ ಮಕ್ಕಳೇ? ಸಿರುಗುಪ್ಪದ ಭತ್ತದ ಗದ್ದೆಯ ಬದುವಿನಲ್ಲಿ, ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ನಾನು ಚಿಕ್ಕಂದಿನಿಂದ ನೋಡುತ್ತ ಬಂದವನು. ಆದರೆ ಅದು ಬೆಳೆಯುವ ಬಗೆಯನ್ನು ಹತ್ತಿರದಿಂದ ಕಂಡದ್ದು ಬಳ್ಳಾರಿಯ ನಮ್ಮ ಮನೆಯಲ್ಲಿ, ಐದನೇ ತರಗತಿಯ ಮೊಮ್ಮಗಳ ಜೊತೆ.

ಸಿರುಗುಪ್ಪದ ತಂಗಿ ಒಂದು ದಾಸವಾಳದ ಕುಂಡ ಕೊಟ್ಟಿದ್ದಳು. ಅದರ ಕಡ್ಡಿಗೆ ನೊರೆ ಒಣಗಿದಂಥ ಕಂದು ಗಂಟೊಂದು ಅಂಟಿತ್ತು. ಅದೇ ಮೊಟ್ಟೆಗೂಡು. ಒಂದು ಬೆಳಿಗ್ಗೆ ಅದರಿಂದ ಇರುವೆಯಂಥ ಹತ್ತಾರು ಮರಿಗಳು ಹೊರಬಂದವು. ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಒಂದನ್ನು ಮಾತ್ರ ಅಗಲ ಬಾಯಿಯ ಬಾಟಲಿಯಲ್ಲಿಟ್ಟು, ಒಳಗೊಂದು ಕಡ್ಡಿ ನಿಲ್ಲಿಸಿ, ತೆಳುಬಟ್ಟೆ ಕಟ್ಟಿದೆವು. ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳೇ ಅದರ ಊಟ.

ಚಿಟ್ಟೆಯ ಹಾಗೆ ಇದು ಕೋಶದೊಳಗೆ ಮಲಗಿ ರೂಪ ಬದಲಿಸುವುದಿಲ್ಲ. ಮರಿ ಹುಟ್ಟುವಾಗಲೇ ತಾಯಿಯಂತಿರುತ್ತದೆ, ರೆಕ್ಕೆ ಮಾತ್ರ ಇರುವುದಿಲ್ಲ. ಅದರ ಹೊರಚರ್ಮ ಗಟ್ಟಿ. ಮೈ ಬೆಳೆದಂತೆ ಹಿಗ್ಗುವುದಿಲ್ಲ. ಹೋದ ವರ್ಷದ ಯೂನಿಫಾರ್ಮ್ ನಿಮಗೆ ಬಿಗಿಯಾದ ಹಾಗೆ ಅದಕ್ಕೂ ಬಿಗಿಯಾಗುತ್ತದೆ. ಆಗ ಪೊರೆ ಕಳಚುತ್ತದೆ. ಜಾತಿಗೆ ತಕ್ಕಂತೆ ಸಾಮಾನ್ಯವಾಗಿ 6ರಿಂದ 9 ಬಾರಿ.

ಪೊರೆ ಬಿಡುವ ಮುಂಚೆ ಮರಿ ಊಟ ಬಿಡುತ್ತದೆ. ತಲೆಕೆಳಗಾಗಿ ಜೋತುಬೀಳುತ್ತದೆ. ಬೆನ್ನಿನ ಮೇಲೆ ಪೊರೆ ಸೀಳಿ, ಮೊದಲು ತಲೆ, ಆಮೇಲೆ ಒಂದೊಂದೇ ಕಾಲು ಹೊರಬರುತ್ತವೆ. ಹೊಸ ಮೈ ಬೆಣ್ಣೆಯಂತೆ ಮೆತ್ತಗಿರುತ್ತದೆ. ಆಗ ಕೆಳಗೆ ಬಿದ್ದರೆ ಸೊಟ್ಟಗಾಗುತ್ತದೆ, ಸತ್ತೂ ಹೋಗಬಹುದು. ಗಾಳಿ ತೀರ ಒಣಗಿದ್ದರೆ ಪೊರೆ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಬಳ್ಳಾರಿಯ ಬೇಸಿಗೆ ಗೊತ್ತಲ್ಲ! ದಿನಾ ಸಂಜೆ ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದೆವು.

ಆದರೂ ನಾಲ್ಕನೇ ಸಲ ಒಂದು ಹಿಂಗಾಲು ಪೊರೆಯಲ್ಲಿ ಸಿಕ್ಕಿಕೊಂಡಿತು.

"ತಾತಾ, ಮೆಲ್ಲಕ ಎಳೀಲೇನು?"

"ಬ್ಯಾಡವ್ವಾ, ಎಳೆದ್ರ ಪೂರ್ತಿ ಸಾಯ್ತದ."

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಕಣ್ಣಲ್ಲಿ ನೀರು. ಮರಿ ಒದ್ದಾಡಿ ಒದ್ದಾಡಿ ಹೊರಬಂತು. ಆ ಕಾಲು ಪೊರೆಯಲ್ಲೇ ಉಳಿಯಿತು.

ಐದು ಕಾಲಲ್ಲೇ ಅದು ಬೇಟೆಯಾಡಿತು. ಮುಂದಿನ ಪೊರೆ ಬಿಟ್ಟಾಗ ಅಲ್ಲೊಂದು ಪುಟ್ಟ ಕಾಲು! ಅದರ ಮುಂದಿನ ಸಲ ಇನ್ನಷ್ಟು ಉದ್ದ. ಬೆಳೆಯುವ ವಯಸ್ಸಿನಲ್ಲಿ ಮಾತ್ರ ಈ ಭಾಗ್ಯ. ಕೊನೆಯ ಪೊರೆ ಬಿಟ್ಟು ರೆಕ್ಕೆ ಬಂದ ಮೇಲೆ ಮತ್ತೆ ಪೊರೆಯಿಲ್ಲ, ಹೋದ ಕಾಲು ಬರುವುದಿಲ್ಲ.

ರೆಕ್ಕೆ ಬಲಿತ ಮೇಲೆ ಅದನ್ನು ಹಿತ್ತಲಿಗೆ ಬಿಟ್ಟೆವು. ಗಾಜಿನಂಥ ಏಳು ಪೊರೆಗಳು ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಲ್ಲಿವೆ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ. ನಾಲ್ಕನೆಯದರಲ್ಲಿ ಆ ಕಾಲು ಇನ್ನೂ ಇದೆ.