ಎಡಕುಮೇರಿಗೆ ಬಂದ ತಂತಿ

ಸಕಲೇಶಪುರ ಬಿಟ್ಟ ರೈಲು ಸುರಂಗದಿಂದ ಸುರಂಗಕ್ಕೆ ನುಸುಳುತ್ತ ಎಡಕುಮೇರಿ ತಲುಪುತ್ತದೆ. ಸುತ್ತ ದಟ್ಟ ಕಾಡು, ಕೆಳಗೆ ಕಣಿವೆ. ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳು. 2025ರಲ್ಲಿ ಇಲ್ಲಿಗೂ 25,000 ವೋಲ್ಟ್‌ನ ತಂತಿ ಬಂದಿತು.

ಇಂಥ ತಂತಿಯಡಿ ಮಕ್ಕಳು ಪ್ರಯಾಣಿಸಬಹುದೇ ಎಂಬ ಅಂಜಿಕೆ ಹೆತ್ತವರಿಗೆ ಸಹಜ. ಬೋಗಿಯ ಲೋಹದ ಮೈ ವಿದ್ಯುತ್ ಕ್ಷೇತ್ರವನ್ನು ಬಹುಮಟ್ಟಿಗೆ ತಡೆಯುತ್ತದೆ. ಕಾಂತಕ್ಷೇತ್ರ ಒಳಗೆ ಬಂದರೂ ದೂರ ಹೆಚ್ಚಿದಂತೆ ಕ್ಷೀಣಿಸುತ್ತದೆ; ಪ್ರಯಾಣಿಕರಿಗೆ ತಗಲುವುದು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಮಿತಿಯಾದ 200 ಮೈಕ್ರೊಟೆಸ್ಲಾಕ್ಕಿಂತ ಬಹಳ ಕಡಿಮೆ.

ನಿಜವಾದ ಅಪಾಯ ಬೋಗಿಯ ಹೊರಗಿದೆ. ಚಾರಣದ ಹುಮ್ಮಸ್ಸಿನಲ್ಲಿ ಹಳಿಯ ಮೇಲೆ ನಡೆಯುವುದು ನಿಷಿದ್ಧ. ನಿಂತ ಗಾಡಿಯ ಮೇಲೆ ಹತ್ತಿದರಂತೂ, ತಂತಿ ಮುಟ್ಟದಿದ್ದರೂ ವಿದ್ಯುತ್ ಹಾರಿ ಬಡಿದೀತು. ಘಾಟಿಯ ಚೆಲುವನ್ನು ಕಿಟಕಿಯಿಂದ ನೋಡುವುದೇ ಕ್ಷೇಮ.